‘ಮುಟ್ಟಬೇಡಿ’ ಎನ್ನುವ ಸಿಸ್ಟರನ್ನು ನಂಬುವುದು ಹೇಗೆ?

ಪ್ರಶ್ನೆ: ನನ್ನ ಮಗು 30 ವಾರಕ್ಕೇ ಹುಟ್ಟಿತು, ತೂಕ 1,250 ಗ್ರಾಂ. ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಸೇರಿಸಿ ಹನ್ನೆರಡು ದಿನವಾಯಿತು. ಮುಟ್ಟಲು ಹೋದರೆ ನರ್ಸ್ ‘ಬೇಡಮ್ಮ’ ಎನ್ನುತ್ತಾರೆ. ಅಲಾರಂ ಹೊಡೆದುಕೊಂಡರೂ ಓಡಿ ಬರುವುದಿಲ್ಲ. ಮಗು ಹೇಗಿದೆ ಎಂದರೆ ‘ಡಾಕ್ಟರನ್ನು ಕೇಳಿ’ ಎನ್ನುತ್ತಾರೆ. ಎದುರು ಮಾತನಾಡಿದರೆ ಮಗುವಿಗೇ ತೊಂದರೆ, ಸುಮ್ಮನಿರು ಎಂದು ಅತ್ತೆ ಹೇಳುತ್ತಾರೆ. ಏನು ಮಾಡಲಿ?
– ಒಬ್ಬ ಬಾಣಂತಿ, ಹಾವೇರಿ

ಉತ್ತರ: ನವಜಾತ ಶಿಶುಗಳ ವಾರ್ಡಿನಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದವಳು ನಾನು. ಗಾಜಿನ ಬಾಗಿಲ ಆಚೆ ನಿಂತ ತಾಯಿಯ ಸಂಕಟ ಅರ್ಥವಾಗಲು ನನಗೂ ಬಹಳ ಕಾಲ ಹಿಡಿಯಿತು.

ಅಲಾರಂ ವಿಷಯ ಮೊದಲು. ಮಗುವಿನ ಪಾದಕ್ಕೆ ಕೆಂಪು ಬೆಳಕಿನ ಸಣ್ಣ ಪಟ್ಟಿ ಸುತ್ತಿರುತ್ತಾರಲ್ಲ, ರಕ್ತದಲ್ಲಿರುವ ಆಮ್ಲಜನಕವನ್ನು ಅಳೆಯುವುದು ಅದೇ. ಮಗು ಕಾಲು ಝಾಡಿಸಿದರೂ ಸಾಕು, ಮಾನಿಟರ್ ಕೂಗಿಕೊಳ್ಳುತ್ತದೆ. ಪಳಗಿದ ನರ್ಸ್ ಪರದೆಗಿಂತ ಮೊದಲು ಮಗುವನ್ನು ನೋಡುತ್ತಾಳೆ. ಮೈಬಣ್ಣ, ಎದೆಯ ಏರಿಳಿತ ಸರಿಯಿದ್ದರೆ ಓಡುವುದಿಲ್ಲ. ನಿಮಗೆ ಅದು ಉದಾಸೀನವಾಗಿ ಕಾಣುವುದು ಸಹಜ. ಯಾರೂ ನಿಮಗೆ ಹೇಳಿಕೊಟ್ಟಿಲ್ಲ. ‘ಯಾವ ಅಲಾರಂಗೆ ಹೆದರಬೇಕು, ತೋರಿಸಿ ಸಿಸ್ಟರ್’ ಎಂದು ಕೇಳಿ. ಇಷ್ಟು ಬೇಗ ಹುಟ್ಟಿದ ಮಕ್ಕಳು ನಡುನಡುವೆ ಉಸಿರಾಡುವುದನ್ನೇ ಮರೆಯುತ್ತವೆ. ಎಷ್ಟೋ ಸಲ ನರ್ಸ್ ಅಂಗಾಲನ್ನು ಮೆಲ್ಲನೆ ತಟ್ಟಿದೊಡನೆ ಮತ್ತೆ ಉಸಿರೆಳೆಯುತ್ತವೆ. ಆ ವ್ಯತ್ಯಾಸ ಒಮ್ಮೆ ತಿಳಿದರೆ ನಿಮ್ಮ ಅರ್ಧ ಭಯ ಇಳಿಯುತ್ತದೆ.

ಇನ್ನು ಮುಟ್ಟುವ ಮಾತು. 30 ವಾರದ ಮಗುವಿಗೆ ಮೈಸವರುವುದು ಹಿತವಲ್ಲ. ಅದರ ನರಗಳಿಗೆ ಅಷ್ಟೂ ಹೆಚ್ಚು, ಆಮ್ಲಜನಕ ಇಳಿಯಬಹುದು. ಅಲುಗಾಡದ ಕೈ ಮಾತ್ರ ಹಿತ. ತೊಳೆದು ಬೆಚ್ಚಗೆ ಮಾಡಿಕೊಂಡ ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಮಡಿಸಿದ ಕಾಲುಗಳ ಸುತ್ತ. ಒತ್ತದೆ, ಸವರದೆ ಸುಮ್ಮನೆ ಇಡಬೇಕು. ಸ್ವಲ್ಪ ಹೊತ್ತಿಗೆ ಬಿಗಿದ ಮುಷ್ಟಿ ಸಡಿಲವಾಗುವುದನ್ನು ನೀವೇ ಕಾಣುತ್ತೀರಿ. ‘ಬೇಡ’ ಎಂದ ಸಿಸ್ಟರ್ ‘ಹೀಗೆ ಮುಟ್ಟಿ’ ಎಂದೂ ಹೇಳಬೇಕಿತ್ತು. ಅದು ನಮ್ಮವರ ಕೊರತೆ.

ಕಾಂಗರೂ ಆರೈಕೆಯನ್ನು, ಅಂದರೆ ಮಗುವನ್ನು ತಾಯಿಯ ಬರಿಯ ಎದೆಗೆ ಒರಗಿಸಿಕೊಂಡು ಬೆಚ್ಚಗಿಡುವುದನ್ನು, ಯಾವತ್ತು ಶುರು ಮಾಡಬಹುದು ಎಂದೂ ವಿಚಾರಿಸಿ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ (ಮಗುವನ್ನು ಬೆಚ್ಚಗಿಡುವ ಪೆಟ್ಟಿಗೆ) ಸಾಲದೆ ಬಂದಾಗ ಹುಟ್ಟಿದ ಪದ್ಧತಿ ಇದು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1ರಿಂದ 1.8 ಕೆ.ಜಿ. ತೂಕದ ಮಕ್ಕಳನ್ನು ಹುಟ್ಟಿದ ಕೂಡಲೇ ಎದೆಗೊರಗಿಸಿಕೊಂಡಾಗ ಸಾವು ಕಾಲು ಭಾಗದಷ್ಟು ಕಡಿಮೆಯಾಯಿತು. ಅಲ್ಲಿ ತಾಯಂದಿರ ಮಂಚ ಇದ್ದದ್ದೇ ನಿಗಾ ಘಟಕದ ಒಳಗೆ. ಸರ್ಕಾರಿ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಹೆತ್ತವರಿಗೆ ಕಲಿಸಿ ಆರೈಕೆಯಲ್ಲಿ ಸೇರಿಸಿಕೊಳ್ಳಬೇಕೆಂದು ಕೇಂದ್ರ ಸರ್ಕಾರ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಕೇಳಲು ಅಳುಕಬೇಡಿ.

‘ಮಗು ಉಳಿಯುತ್ತದಾ’ ಎಂಬುದಕ್ಕೆ ಉತ್ತರ ಹೇಳುವ ಅಧಿಕಾರ ನರ್ಸ್‌ಗೆ ಇಲ್ಲ. ‘ಇವತ್ತಿನ ತೂಕ ಎಷ್ಟು? ಎಷ್ಟು ಮಿಲಿ ಹಾಲು ಕೊಟ್ಟಿರಿ, ಕಕ್ಕಿತಾ? ರಾತ್ರಿ ಎಷ್ಟು ಸಲ ಉಸಿರು ಮರೆಯಿತು?’ ಎಂದು ಕೇಳಿ. ಇವು ಅವಳ ಕೈಯಳತೆಯ ಪ್ರಶ್ನೆಗಳು.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಒಬ್ಬ ತಾಯಿ ಸಿರಿಂಜಿನಲ್ಲಿ ಎರಡು ಮಿಲಿ ಗಿಣ್ಣುಹಾಲನ್ನು ಸೆರಗಿನ ಮರೆಯಲ್ಲಿ ಹಿಡಿದು ತಂದಿದ್ದಳು. ಗಡಿಬಿಡಿಯಲ್ಲಿದ್ದ ನಾನು ‘ಇಷ್ಟೇನಾ?’ ಎಂದೆ. ಅವಳು ಆ ರಾತ್ರಿ ಹಾಲು ತರಲೇ ಇಲ್ಲ. ಬೆಳಿಗ್ಗೆ ಹೋಗಿ ಕರೆತಂದು, ಅವಳ ಕೈಯಿಂದಲೇ ಎರಡು ಹನಿಯನ್ನು ಮಗುವಿನ ಕೆನ್ನೆಯ ಒಳಬದಿಗೆ ಸವರಿಸಿದೆ. ಮಗು ತುಟಿ ಚಪ್ಪರಿಸಿತು. ಅವಳು ಅತ್ತಳು, ನನಗೂ ತಡೆಯಲಾಗಲಿಲ್ಲ. ಆಮೇಲೆ ನನ್ನ ಪಾಳಿಯಲ್ಲಿ ಯಾರ ಹಾಲನ್ನೂ ಅಳೆದು ಮಾತನಾಡಿದ್ದಿಲ್ಲ.

ನಿಮ್ಮ ಅತ್ತೆಯವರ ಭಯಕ್ಕೆ: ತಾಯಿ ಪ್ರಶ್ನೆ ಕೇಳಿದಳೆಂದು ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡ ನರ್ಸನ್ನು ನಾನು ನೋಡಿಲ್ಲ. ಯಾರಾದರೂ ಕೈ ತೊಳೆಯದೆ ಮಗುವನ್ನು ಮುಟ್ಟಿದರೆ ಅಲ್ಲೇ ಹೇಳಿ. ಬಿರುನುಡಿ ಮುಂದುವರಿದರೆ ಇನ್‌ಚಾರ್ಜ್ ಸಿಸ್ಟರ್ ಬಳಿ ಹೋಗಿ.

ಪ್ರಶ್ನೆ: ನಾನು ಹೊಸ ಸ್ಟಾಫ್ ನರ್ಸ್. ನಾಲ್ಕು ಮಕ್ಕಳನ್ನು ನೋಡಿಕೊಳ್ಳಬೇಕು. ಒಬ್ಬ ತಾಯಿ ನಾನು ಮಾಡುವುದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ನನ್ನ ಮೇಲೆ ಅನುಮಾನವೇ?

ಉತ್ತರ: ಇರಬಹುದು. ಆದರೆ ಆ ತಾಯಿಗೆ ಅಲ್ಲಿ ಮಾಡಲು ಇನ್ನಾವ ಕೆಲಸವನ್ನೂ ಯಾರೂ ಕೊಟ್ಟಿಲ್ಲ ಎನ್ನುವುದನ್ನು ಗಮನಿಸಿ. ಪುಸ್ತಕವನ್ನು ನೀವೇ ಕೇಳಿ ತೆಗೆದುಕೊಂಡು ತೂಕ, ಹಾಲು, ಮೂತ್ರ, ಮಲ ಎಂದು ಗೆರೆ ಎಳೆದು ಕೊಡಿ. ಡಯಪರ್ ಬದಲಿಸುವುದನ್ನು ಕಲಿಸಿ, ಪಕ್ಕದಲ್ಲಿ ನಿಂತಿರಿ. ಸೂಜಿ ಚುಚ್ಚುವ ಮೊದಲು ಯಾಕೆಂದು ಒಂದು ಮಾತು ಹೇಳಿ. ಪಾಳಿ ಮುಗಿದಾಗ, ನಿಮ್ಮ ನಂತರ ಬರುವವರನ್ನು ಹೆಸರು ಹೇಳಿ ಪರಿಚಯಿಸಿಯೇ ಹೊರಡಿ.