ನಾವು ಚಿತ್ರದುರ್ಗದವರು. ಆಟಿಸಂ ಇರುವ ನಾಲ್ಕು ವರ್ಷದ ಮಗನಿಗೆ ಹಾಲು, ಗೋಧಿ ಬಿಡಿಸಿದರೆ ಗುಣ ಕಾಣುತ್ತಾ? ಡಯಟ್ ಚಾರ್ಟ್ ಇದ್ದರೆ ಕೊಡಿ

ಚಾರ್ಟ್ ನಾನು ಕೊಡಲ್ಲ. ನಿಮ್ಮ ಹುಡುಗನಿಗೆ ಈಗ ನಾಲ್ಕು ವರ್ಷ ಅಂದಿದ್ದೀರಿ, ನಾನು ಈ ಪಥ್ಯ ಮಾಡಿಸಿದಾಗ ನನ್ನ ಮಗನಿಗೂ ಅಷ್ಟೇ. ನೀವು ಚಿತ್ರದುರ್ಗ, ನಾವು ದಾವಣಗೆರೆ. ಹಾಲು, ಗೋಧಿ ನಿಲ್ಲಿಸಿದ ಮೂರೇ ತಿಂಗಳಿಗೆ ಮಗು ಮಾತಾಡಿತು ಅನ್ನೋ ವಿಡಿಯೊ ನಿಮಗೂ ಬಂದಿರಬೇಕು.

ಆಗ ನನ್ನ ಮಗ ತಿನ್ನುತ್ತಿದ್ದದ್ದು ಒಟ್ಟು ಏಳು ಪದಾರ್ಥ. ಹಾಲು, ಅದೂ ಅಂಚು ಸೊಟ್ಟಗಾದ ಒಂದೇ ಒಂದು ಸ್ಟೀಲ್ ಲೋಟದಲ್ಲಿ. ಮೊಸರನ್ನ. ಚಪಾತಿ, ಆದರೆ ಒಂದು ಕಂದು ಚುಕ್ಕೆ ಬಿದ್ದಿದ್ದರೂ ತಟ್ಟೆ ಸಮೇತ ಗೋಡೆಗೆ. ಒಂದು ಬಗೆಯ ಬಿಸ್ಕತ್ತು. ಶಾವಿಗೆ ಉಪ್ಪಿಟ್ಟು. ಬಾಳೆಹಣ್ಣು. ಮಂಡಕ್ಕಿ, ಒಗ್ಗರಣೆ ಗಿಗ್ಗರಣೆ ಏನೂ ಇಲ್ಲದ್ದು, ಭಟ್ಟಿಯಿಂದ ತಂದ ಹಾಗೇ.

ಒಂದು ಸೋಮವಾರ ಬೆಳಿಗ್ಗೆ ಹಾಲು, ಮೊಸರು, ಚಪಾತಿ, ಬಿಸ್ಕತ್ತು, ಶಾವಿಗೆ ಎಲ್ಲ ಬಂದ್. ನನ್ನ ಹೆಂಡತಿ "ಒಂದೊಂದೇ ಬಿಡಿಸೋಣ" ಅಂದಳು, ಕೇಳಲಿಲ್ಲ. ನಮ್ಮವ್ವ "ತಿನ್ನೋ ನಾಕು ತುತ್ತನ್ನೂ ಕಸ್ಕಂತೀಯಲ್ಲೋ" ಅಂದಳು, ಅದನ್ನೂ ಕೇಳಲಿಲ್ಲ. ಇಂಗಿನ ಡಬ್ಬಿಯಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ ಅಂತ ಗೊತ್ತಾಗಿ, ಅವನು ಮುಟ್ಟದೇ ಇದ್ದ ಸಾರಿಗೂ ಇಂಗು ಬಿಡಿಸಿದೆ. ಮಂಡಿಪೇಟೆಯಲ್ಲಿ ಲೆಕ್ಕ ಬರೆಯೋದು ನನ್ನ ಹೊಟ್ಟೆಪಾಡು. ಬಿಡಿಸಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟೆ. ಏಳರಲ್ಲಿ ಐದು ಹೋದರೆ ಉಳಿಯೋದು ಎರಡು ಅನ್ನೋದು ಮಾತ್ರ ತಲೆಗೆ ಹೊಳೆಯಲಿಲ್ಲ. ಬೇರೆ ಮಕ್ಕಳಾದರೆ ಹಸಿವಾದಾಗ ಕೊಟ್ಟದ್ದು ತಿಂತಾವೆ. ಇವನು ತಿನ್ನಲ್ಲ. ಹಟ ಅಲ್ಲ ಅದು. ಹೊಸ ತಿಂಡಿಯ ವಾಸನೆ, ಬಣ್ಣ, ನಾಲಿಗೆಗೆ ತಾಗೋ ರೀತಿ ಅವನಿಗೆ ನಿಜಕ್ಕೂ ತಡೆಯೋಕಾಗಲ್ಲ. ಇದು ನನಗೆ ತಿಳಿಯೋ ಹೊತ್ತಿಗೆ ತಡವಾಗಿತ್ತು.

ಇನ್ನೂ ಒಂದು ಮಾಡಿದೆ, ಇದಕ್ಕಿಂತ ದಡ್ಡ ಕೆಲಸ. ಬಾದಾಮಿ ರುಬ್ಬಿ ಸೋಸಿ, ಅದನ್ನ ಹಾಲಿನ ಬದಲು ಅದೇ ಸೊಟ್ಟ ಲೋಟಕ್ಕೆ ಹಾಕಿ ಕೊಟ್ಟೆ. ಮೂಸಿ ನೋಡಿ ಕೆಳಗಿಟ್ಟ. ಅವತ್ತಿಂದ ಆ ಲೋಟದಲ್ಲಿ ನೀರು ಕೂಡ ಕುಡಿಯಲಿಲ್ಲ.

ಮೂರು ತಿಂಗಳಲ್ಲಿ ಹದಿನೈದೂವರೆ ಕೆಜಿ ಇದ್ದವನು ಹದಿನಾಲ್ಕಕ್ಕೆ ಇಳಿದ. ನಾಲ್ಕೈದು ದಿನಕ್ಕೊಮ್ಮೆ ಮೋಷನ್, ಅದೂ ಕಲ್ಲಿನ ಹಾಗೆ. ಕೈ ಕಚ್ಚಿಕೊಳ್ಳೋದು, ತಲೆ ಚಚ್ಚಿಕೊಳ್ಳೋದು ಶುರುವಾಯಿತು. ವಿಡಿಯೊದವರು "ವಿಷ ಹೊರಗೆ ಹೋಗುವಾಗ ಹಾಗಾಗುತ್ತೆ" ಅಂದಿದ್ದರು, ನಾನು ಒಳಗೊಳಗೇ ಖುಷಿಪಟ್ಟೆ! ಕೊನೆಗೆ ಮಕ್ಕಳ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಇದು ಮಲಬದ್ಧತೆಯ ನೋವು ಅಂದರು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ, ಫೆರಿಟಿನ್ ಅಂದರೆ ಕಬ್ಬಿಣದ ದಾಸ್ತಾನೂ ಕಡಿಮೆ. ಮಲಬದ್ಧತೆಗೆ ಔಷಧ ಕೊಟ್ಟ ಎರಡು ವಾರಕ್ಕೆ ಕೈ ಕಚ್ಚೋದು ಮುಕ್ಕಾಲು ಪಾಲು ನಿಂತಿತು.

ಗೋಧಿಯಲ್ಲಿರೋ ಗ್ಲುಟನ್, ಹಾಲಿನಲ್ಲಿರೋ ಕೇಸೀನ್ ಅನ್ನೋ ಪ್ರೋಟೀನುಗಳು ಅರ್ಧಂಬರ್ಧ ಜೀರ್ಣವಾಗಿ ಅಫೀಮಿನ ಥರ ಮೆದುಳಿಗೆ ಏರುತ್ತವೆ ಅನ್ನೋದು ಹಳೇ ವಾದ. ಕೇಳೋಕೆ ಚೆನ್ನಾಗಿದೆ, ಆದರೆ ಪರೀಕ್ಷೆಗಳಲ್ಲಿ ಗಟ್ಟಿಯಾಗಿ ನಿಂತಿಲ್ಲ. ಆಟಿಸಂನ ಮೂಲ ಲಕ್ಷಣಗಳಿಗೆ ಅಂತ ಈ ಪಥ್ಯ ಮಾಡಿಸಲೇಬೇಡಿ ಅಂತ ಡಾಕ್ಟರುಗಳಿಗೆ ಚಿಕಿತ್ಸೆಯ ಮಾರ್ಗಸೂಚಿ ಬರೆಯೋ ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಬರೆದಿದೆ. ಡಾಕ್ಟರು ಅದನ್ನ ತೋರಿಸಿದಾಗ ನನ್ನ ಮುಖ ನೋಡಬೇಕಿತ್ತು.

ಸರಿ, ವಾಪಸ್ ಹಾಲು ಕೊಟ್ಟರಾಯಿತು ಅಂತ ಮನೆಗೆ ಬಂದೆ. ಕುಡಿಯಲಿಲ್ಲ. ಐದು ವರ್ಷವಾಯಿತು, ಇವತ್ತಿಗೂ ಕುಡಿದಿಲ್ಲ. ಇಂಥ ಮಕ್ಕಳು ಬಿಟ್ಟ ತಿಂಡಿ ಎಷ್ಟೋ ಸಲ ಬಿಟ್ಟೇ ಹೋಗುತ್ತೆ. ಇದೊಂದನ್ನ ಯಾವ ವಿಡಿಯೊದವರೂ ನನಗೆ ಹೇಳಿರಲಿಲ್ಲ.

ಆಮೇಲೆ ಥೆರಪಿಸ್ಟ್ ಒಬ್ಬರು ದಾರಿ ತೋರಿಸಿದರು. "ಏನು ತಿನ್ನಲ್ಲ ಅನ್ನೋದು ಬಿಡಿ, ತಿನ್ನೋದರಲ್ಲಿ ಏನು ಇಷ್ಟ ಹೇಳಿ" ಅಂದರು. ಗರಿಗರಿ ಇಷ್ಟ. ಹಾಗಾಗಿ ಮಂಡಕ್ಕಿ ಪಕ್ಕದಲ್ಲಿ ಒಂದೇ ಒಂದು ಹುರಿಗಡಲೆ ಇಟ್ಟೆವು. ತಿನ್ನು ಅನ್ನಲಿಲ್ಲ. ಹನ್ನೊಂದು ದಿನ ಅದನ್ನ ಬೆರಳಲ್ಲಿ ಉರುಳಿಸಿದ, ಹನ್ನೆರಡನೇ ದಿನ ಕಚ್ಚಿದ. ಅಲ್ಲಿಂದ ಬೆಣ್ಣೆ ದೋಸೆಯ ಅಂಚು. ನಡುವಿನ ಮೆತ್ತನೆ ಭಾಗ ನನಗೆ. ಆಮೇಲೆ ಆ ಹಿಟ್ಟಿಗೆ ಒಂದು ಚಮಚ ರಾಗಿ, ತಿಂಗಳಿಗೆ ಇನ್ನೊಂದು ಚಮಚ. ಈಗ ಪೂರ್ತಿ ರಾಗಿ ದೋಸೆಯೇ ಆಗಿದೆ. ಹಾಲು ಹೋದ ಮೇಲೆ ನಮಗೆ ರಾಗಿಯೇ ಗತಿ: ನೂರು ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳೋದು ದಿನಕ್ಕೆ 550. ಅಷ್ಟು ದೋಸೆ ಅವನೆಲ್ಲಿ ತಿಂತಾನೆ? ಉಳಿದದ್ದಕ್ಕೆ ಡಾಕ್ಟರು ಬರೆದ ಸಿರಪ್.

ನಿಮ್ಮ ಹುಡುಗನಿಗೆ ಗೋಧಿ ನಿಜಕ್ಕೂ ಆಗಲ್ಲ ಅನ್ನೋ ಅನುಮಾನ ಇದ್ದರೆ, ಬಿಡಿಸೋಕೆ ಮುಂಚೆ ಸೀಲಿಯಾಕ್ (ಗ್ಲುಟನ್ ತಿಂದರೆ ಕರುಳು ಹಾಳಾಗೋ ಕಾಯಿಲೆ) ರಕ್ತ ಪರೀಕ್ಷೆ ಮಾಡಿಸಿ. ಬಿಡಿಸಿದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಅಂತಲೇ ಬರಬಹುದು. ಹಾಲು ಕುಡಿದರೆ ಭೇದಿ, ಮೈಮೇಲೆ ದದ್ದು ಏಳೋದು ಇದ್ದರೆ ಅದು ಬೇರೆ ವಿಷಯ, ಡಾಕ್ಟರಿಗೆ ತೋರಿಸಿ. ಥೆರಪಿಗೆ ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ವಿಶೇಷಚೇತನರ ಪುನರ್ವಸತಿ ಕೇಂದ್ರ ಸಿಆರ್‌ಸಿ ಇದೆ, ನಿಮಗೆ ಬಸ್ಸಿನಲ್ಲಿ ಬಂದುಹೋಗೋ ದೂರ.

ಸದ್ಯಕ್ಕೆ ಅವನು ಈಗ ತಿನ್ನೋದನ್ನೆಲ್ಲ ಇಲ್ಲಿ ಬರೀರಿ. ಯಾವ ಕಂಪನಿ ಬಿಸ್ಕತ್ತು, ಯಾವ ತಟ್ಟೆ, ಯಾವ ಲೋಟ, ಎಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ ಉತ್ತರ ಹಾಕ್ತೀನಿ.