ಮೂಲೆಯಲ್ಲಿ ಕೂತವರ ಕಿವಿ

ಕಳೆದ ಸಂಚಿಕೆಯಲ್ಲಿ ಹಾರ್ಪ್ (ನಿಲ್ಲಿಸಿ ಮೀಟುವ ದೊಡ್ಡ ತಂತಿವಾದ್ಯ) ನುಡಿಸುತ್ತ ತಂಡವನ್ನೂ ಕಟ್ಟಿ ನಡೆಸಿದ ಕಾರ್ಲೋಸ್ ಸಾಲ್ಜೆಡೊ ಅವರ ಬಗ್ಗೆ ಬಂದ ಲೇಖನ ಓದಿ ಮಲ್ಪೆಯ ತಾಯಿಯೊಬ್ಬರು ಹೀಗೆ ಬರೆದಿದ್ದಾರೆ: “ಮೂಲೆಯಲ್ಲಿ ಕೂತು ಅಪರೂಪಕ್ಕೆ ನಾಲ್ಕು ತಂತಿ ಮೀಟುವವರು ಇಡೀ ತಂಡ ನಡೆಸುವುದು ಹೇಗೆ? ಪಿಯಾನೊ ಕಲಿಯುತ್ತಿರುವ ನನ್ನ ಮಗಳು ಈಗ ಹಾರ್ಪ್ ಬೇಕು ಎನ್ನುತ್ತಿದ್ದಾಳೆ. ಇದರಲ್ಲಿ ಹೊಟ್ಟೆಪಾಡು ನಡೆಯುತ್ತದೆಯೇ?”

ಅಕ್ಕಾ, ಮೊದಲು ಆ ಮೂಲೆಯ ಮಾತು. ಆರ್ಕೆಸ್ಟ್ರಾದ ಹಾರ್ಪ್ ವಾದಕರು ನುಡಿಸುವುದಕ್ಕಿಂತ ಹೆಚ್ಚು ಹೊತ್ತು ಕಾಯುವುದುಂಟು, ನಿಜ. ಆದರೆ ಸುಮ್ಮನೆ ಕಾಯುವುದಲ್ಲ. ತಾಳ ಎಣಿಸುತ್ತ, ಉಳಿದವರನ್ನೆಲ್ಲ ಕೇಳುತ್ತ, ಮುಂದಿನ ಸ್ವರಗಳಿಗೆ ಕಾಲಿನಿಂದ ಪೆಡಲ್ ಹೊಂದಿಸುತ್ತ ಕಾಯುತ್ತಾರೆ. 47 ತಂತಿ, 7 ಪೆಡಲ್, ಒಂದೊಂದು ಪೆಡಲಿಗೂ ಮೂರು ಹಂತ. ಪೆಡಲಿನ ಈ ಏರ್ಪಾಡು 1810ರಲ್ಲಿ ಸೆಬಾಸ್ಟಿಯನ್ ಎರಾರ್ ಪೇಟೆಂಟ್ ಪಡೆದದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಇನ್ನೊಂದು ಕಷ್ಟ, ಮೀಟಿದ ಮೇಲೆ ನಾದ ಇಳಿಯುತ್ತಲೇ ಹೋಗುತ್ತದೆ. ಪಿಟೀಲಿನವರ ಹಾಗೆ ಕಮಾನು ಒತ್ತಿ ಅದನ್ನು ಏರಿಸುವಂತಿಲ್ಲ. ಜೊತೆಗೆ ಕೊಳಲಿನವರಿದ್ದರೆ, ಅವರು ಉಸಿರು ಎಳೆದುಕೊಳ್ಳುವುದನ್ನೇ ಕೇಳಿಸಿಕೊಂಡು ಸರಿಯಾದ ಕ್ಷಣಕ್ಕೆ ಮೀಟಬೇಕು. ವರ್ಷಗಟ್ಟಲೆ ಹೀಗೆ ಕೇಳಿ ಪಳಗಿದ ಕಿವಿಯೇ ತಂಡ ನಡೆಸುವುದು ಎಂದು ನಾನು ನಂಬಿದ್ದೇನೆ.

ನಮ್ಮ ಊರಿಗೆ ಇದು ಹೊಸತೇ? ಯಕ್ಷಗಾನದಲ್ಲಿ ಹಾಡಿ ಆಟ ನಡೆಸುವ ಭಾಗವತರನ್ನು ಮೊದಲನೆಯ ವೇಷಧಾರಿ ಎನ್ನುತ್ತೇವೆ. ಮುಖಕ್ಕೆ ಬಣ್ಣವಿಲ್ಲ, ಎದ್ದು ಕುಣಿಯುವುದಿಲ್ಲ. ಆದರೂ ಪದ ಎತ್ತುವುದು, ನಿಲ್ಲಿಸುವುದು, ವೇಷ ಸೋತಾಗ ಲಯ ಏರಿಸುವುದು ಅವರೇ, ಅದೂ ಹಾಡುತ್ತಲೇ. ಹಾರ್ಪಿನವರಿಗೆ ಎರಡು ಕೈ ಎರಡು ಕಾಲು ನಾಲ್ಕಕ್ಕೂ ಕೆಲಸ. ತಲೆಯ ಒಂದು ಸನ್ನೆಯಲ್ಲಿ ತಂಡವನ್ನು ಎತ್ತಬೇಕು.

ಸಾಲ್ಜೆಡೊ 1909ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾಕ್ಕೆ ಬಂದವರು. ಕೆಲವೇ ವರ್ಷಗಳಲ್ಲಿ ಆ ಕುರ್ಚಿ ಬಿಟ್ಟು ಕೊಳಲು, ಚೆಲ್ಲೊ ಜೊತೆ ಮೂವರ ತಂಡ ಕಟ್ಟಿದರು. ಆಮೇಲೆ ಹಾರ್ಪ್‌ಗಳದ್ದೇ ಒಂದು ಮೇಳ. 1924ರಲ್ಲಿ ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಸಂಸ್ಥೆಯಲ್ಲಿ ಹಾರ್ಪ್ ವಿಭಾಗ ಆರಂಭಿಸಿದರು.

ಹೊಟ್ಟೆಪಾಡಿನ ಉತ್ತರವೂ ಇದರಲ್ಲೇ ಇದೆ. ಆರ್ಕೆಸ್ಟ್ರಾದಲ್ಲಿ ಹಾರ್ಪಿಗೆ ಒಂದೋ ಎರಡೋ ಕುರ್ಚಿ ಮಾತ್ರ. ಅದನ್ನೇ ನಂಬಿ ಕೂತರೆ ಆಗದು. ಪಾಠ, ಮದುವೆಗಳಲ್ಲಿ ನುಡಿಸುವುದು, ಧ್ವನಿಮುದ್ರಣ, ಸ್ವಂತ ತಂಡ ಎಲ್ಲ ಸೇರಿ ಒಂದು ಸಂಪಾದನೆ. ಕುರ್ಚಿ ಸಿಕ್ಕರೂ ಗೌರವ ತಡವಾಗಬಹುದು. ವಿಯೆನ್ನಾ ಫಿಲ್ಹಾರ್ಮೊನಿಕ್ ಆರ್ಕೆಸ್ಟ್ರಾದಲ್ಲಿ ಅನ್ನಾ ಲೆಲ್ಕೆಸ್ ಎರಡು ದಶಕಕ್ಕೂ ಹೆಚ್ಚು ಕಾಲ ಹಾರ್ಪ್ ನುಡಿಸಿದರು. ಹೆಣ್ಣೆಂಬ ಕಾರಣಕ್ಕೆ ಸದಸ್ಯತ್ವ ಸಿಕ್ಕಿರಲಿಲ್ಲ. 1997ರಲ್ಲಿ ಸಿಕ್ಕಿತು, ಅಲ್ಲಿನ ಮೊದಲ ಮಹಿಳಾ ಸದಸ್ಯೆಯಾಗಿ. ಇದನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ದೊಡ್ಡ ಹಾರ್ಪ್ ಈಗಲೇ ಬೇಡ. ಅದಕ್ಕೆ ಒಂದು ಒಳ್ಳೆಯ ಕಾರಿನ ದುಡ್ಡು ಬೇಕು. ಅದರಲ್ಲಿ ಕರುಳಿನ ತಂತಿಗಳೂ ಇರುತ್ತವೆ, ಮಳೆಗಾಲದ ಆಟಿ ತಿಂಗಳ ಥಂಡಿಗೆ ಅವುಗಳ ಶ್ರುತಿ ನಿಲ್ಲುವುದಿಲ್ಲ. ಪೆಡಲ್ ಇಲ್ಲದ, ಸಣ್ಣ ಲಿವರ್ ಹಾರ್ಪ್ ಸಿಕ್ಕರೆ ಅದರಲ್ಲೇ ಶುರು ಮಾಡಲಿ. ಪಿಯಾನೊ ಬಿಡಿಸಬೇಡಿ. ಹಾರ್ಪಿನ ಸ್ವರಲಿಪಿಯೂ ಪಿಯಾನೊದ ಹಾಗೆಯೇ ಎರಡು ಸಾಲಿನದು, ಕಲಿತದ್ದು ವ್ಯರ್ಥವಾಗುವುದಿಲ್ಲ.

ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ಮೊದಲು ಒಂದು ರಾತ್ರಿ ಅವಳನ್ನು ಆಟಕ್ಕೆ ಕರೆದುಕೊಂಡು ಹೋಗಿ. ವೇಷ ಚೆನ್ನಾಗಿ ಕಾಣುವ ಕಡೆ ಬೇಡ, ಭಾಗವತರ ಕೈ ಕಾಣುವ ಬದಿಗೆ ಕೂರಿಸಿ.