ಬೆಂಕಿ ಹಾದುಹೋದ ಬಂಡೆಗೆ ಮತ್ತೆ ಕೈಹಚ್ಚುವ ಮುನ್ನ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿರುವ ಗ್ರ್ಯಾಂಪಿಯನ್ಸ್ ರಾಷ್ಟ್ರೀಯ ಉದ್ಯಾನವನ್ನು ಅಲ್ಲಿನ ಮೂಲನಿವಾಸಿಗಳು ಗರಿವರ್ಡ್ ಎನ್ನುತ್ತಾರೆ. 2024ರ ಡಿಸೆಂಬರ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಕಾಳ್ಗಿಚ್ಚು ಅಲ್ಲಿ ಸುಮಾರು 76,000 ಹೆಕ್ಟೇರ್ ಸುಟ್ಟಿತು. ಮರುತಿಂಗಳು ಪಶ್ಚಿಮದ ವಿಕ್ಟೋರಿಯಾ ರೇಂಜ್ ಬೆಟ್ಟಸಾಲಿನ ಕಡೆಗೂ ಬೆಂಕಿ ಬಿತ್ತು. ಬಂಡೆ ಹತ್ತುವವರಿಗೆ ಇದು ಹೆಸರಾಂತ ತಾಣ. ಈ ಸಲದ ಪ್ರಶ್ನೆಗಳೆಲ್ಲ ಅದರ ಸುತ್ತಲೇ ಇವೆ.

ಪ್ರಶ್ನೆ: ಕೆಲವೇ ತಿಂಗಳಲ್ಲಿ ಮರಗಳೆಲ್ಲ ಚಿಗುರುತ್ತವೆ. ಆಮೇಲೂ ಕೆಲವು ಬಂಡೆಗಳ ದಾರಿ ಮುಚ್ಚಿಡುವುದೇಕೆ?

ಆ ಹಸಿರು ಹಳೆಯ ಮರಗಳದು. ನೀಲಗಿರಿ ಜಾತಿಯ ಮರಗಳ ತೊಗಟೆಯಡಿ ಸುಪ್ತ ಮೊಗ್ಗುಗಳಿರುತ್ತವೆ. ನೆತ್ತಿಯ ಎಲೆಗಳು ಸುಟ್ಟುಹೋದರೆ ಅವು ಎಚ್ಚೆತ್ತು ಕಾಂಡದುದ್ದಕ್ಕೂ ಚಿಗುರೊಡೆಯುತ್ತವೆ. ಬುಡದ ಗಂಟಿನಿಂದ ಚಿಗುರುವ ಜಾತಿಗಳೂ ಇವೆ. ಇವೆಲ್ಲ ಒಳಗೆ ಕೂಡಿಟ್ಟ ಆಹಾರವನ್ನು ಖರ್ಚುಮಾಡಿ ತಂದ ಎಲೆಗಳು. ಮರ ಪೂರ್ತಿ ಚೇತರಿಸಿಕೊಂಡಿದೆ ಎಂದು ಅದರಿಂದ ಹೇಳಲಾಗದು.

ದಾರಿ ಮುಚ್ಚುವುದು ಹೆಚ್ಚಾಗಿ ಬೇರೆ ಗಿಡಗಳಿಗಾಗಿ. ಡೆಸರ್ಟ್ ಬ್ಯಾಂಕ್ಸಿಯಾದಂಥ ಪೊದೆಗಳು ಬೆಂಕಿಗೆ ಸತ್ತೇಹೋಗುತ್ತವೆ. ಕಟ್ಟಿಗೆಯಷ್ಟು ಗಟ್ಟಿಯಾದ ಅವುಗಳ ಕಾಯಿಗಳು ಕಾವಿಗೆ ಬಾಯಿಬಿಟ್ಟು ಬೀಜ ಉದುರಿಸುತ್ತವೆ. ಮುಂದಿನ ಪೀಳಿಗೆ ನಿಂತಿರುವುದು ಆ ಬೀಜಗಳ ಮೇಲೆಯೇ. ಸಸಿ ಬೆಳೆದು ಹೂಬಿಟ್ಟು ಮತ್ತೆ ಸಾಕಷ್ಟು ಬೀಜ ಕೂಡಿಡಲು ಹಲವು ವರ್ಷ ಬೇಕು. ಅಷ್ಟರಲ್ಲಿ ಸಸಿಗಳು ತುಳಿತಕ್ಕೆ ಸಿಕ್ಕರೆ, ದಾಸ್ತಾನು ಆಗಲೇ ಖಾಲಿಯಾಗಿರುವುದರಿಂದ ಆ ಜಾಗದಲ್ಲಿ ಮರಳಿ ಮೊಳೆಯಲು ಏನೂ ಉಳಿದಿರುವುದಿಲ್ಲ. ಬೆರಳುದ್ದದ ಸಸಿ ಬೂದಿಬಣ್ಣದ ನೆಲದಲ್ಲಿ ಕಣ್ಣಿಗೆ ಬೀಳುವುದೂ ಕಷ್ಟ.

ಬಂಡೆಯ ಬುಡದ ಪಟ್ಟಿಯನ್ನು ಇನ್ನೂ ಹೆಚ್ಚು ಜೋಪಾನ ಮಾಡಬೇಕು. ಮೇಲಿನಿಂದ ತೊಟ್ಟಿಕ್ಕುವ ನೀರಿನ ತೇವ ಅಲ್ಲಿರುವುದರಿಂದ ಜರೀಗಿಡ, ಹಾವಸೆಗಳು ಮೊದಲು ಮರಳುವುದು ಅಲ್ಲಿಗೇ. ಹಗ್ಗ ಹಿಡಿದವರು ನಿಲ್ಲುವುದು, ಚೀಲ ಬಿಸಾಡುವುದು ಕೂಡ ಅಲ್ಲೇ. ಹತ್ತುವವರಿಂದಾಗುವ ಹಾನಿಯ ಬಹುಪಾಲು ಬೀಳುವುದು ಬಂಡೆಯ ಮೇಲಲ್ಲ, ಆ ನಾಲ್ಕು ಹೆಜ್ಜೆಯ ನೆಲದ ಮೇಲೆ. ಬಂಡೆಯ ಮೈಮೇಲಿನ ಕಲ್ಲುಹೂವು ಮತ್ತೆ ಹರಡಲು ದಶಕಗಳೇ ಹಿಡಿಯಬಹುದು.

ಮಣ್ಣಿನ ಪಾಡೂ ಇದೆ. ಸುಟ್ಟ ಎಲೆಕಸದ ಮೇಣದಂಥ ಅಂಶ ಮೇಲ್ಮಣ್ಣಿನ ಕೆಳಗೆ ಪದರಗಟ್ಟುವುದರಿಂದ ಮಳೆನೀರು ಇಂಗದೆ ಹರಿದೋಡುತ್ತದೆ. ಹಿಡಿದಿಡಲು ಬೇರಿಲ್ಲದ ಇಳಿಜಾರಿನಲ್ಲಿ ಕಾಲುದಾರಿಯೇ ಕೊರಕಲಾಗುತ್ತದೆ. ಈ ಬೆಟ್ಟಗಳ ಇಳಿಜಾರು ಭಾರಿ ಮಳೆಗೆ ಹೇಗೆ ಕುಸಿಯುತ್ತದೆಂಬುದನ್ನು 2011ರ ಜನವರಿಯಲ್ಲಿ ಎಲ್ಲರೂ ಕಂಡಿದ್ದಾರೆ.

ಪ್ರಶ್ನೆ: ಬಂಡೆ ಕಲ್ಲೇ ತಾನೆ? ಬೆಂಕಿಯಿಂದ ಅದಕ್ಕೆ, ಹಗ್ಗ ಸಿಕ್ಕಿಸಲು ಅದರಲ್ಲಿ ಕೂರಿಸಿದ ಬೋಲ್ಟುಗಳಿಗೆ ಏನಾಗುತ್ತದೆ?

ಗರಿವರ್ಡ್‌ನದು ಬೆಣಚು ತುಂಬಿದ ಮರಳುಗಲ್ಲು. ಕಲ್ಲಿನೊಳಗೆ ಶಾಖ ನಿಧಾನವಾಗಿ ಇಳಿಯುತ್ತದೆ. ಮೇಲ್ಮೈ ಕಾದು ಹಿಗ್ಗುತ್ತದೆ, ಒಳಭಾಗ ತಣ್ಣಗೇ ಇರುತ್ತದೆ, ನಡುವೆ ಬಿರುಕು ಬಿಟ್ಟು ಹೊರಪದರ ಚಕ್ಕೆಯಾಗಿ ಏಳುತ್ತದೆ. 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಣಚಿನ ಹರಳುರಚನೆಯೇ ಬದಲಾಗುವುದರಿಂದ ಆ ಹೊತ್ತಿಗೆ ಹಿಗ್ಗುವಿಕೆ ಇನ್ನೂ ಜೋರು. ಪೊದೆ ಬಂಡೆಗೆ ಒತ್ತಿಕೊಂಡಿದ್ದಲ್ಲಿ, ಬುಡದಲ್ಲಿ ದಿಮ್ಮಿ ಗಂಟೆಗಟ್ಟಲೆ ಉರಿದಲ್ಲಿ, ಜ್ವಾಲೆ ಸಿಕ್ಕಿಕೊಳ್ಳುವ ಮುಂಚಾಚಿನ ಅಡಿಯಲ್ಲಿ ಇದನ್ನು ಹುಡುಕಿ. ಮಸಿಯ ನಡುವೆ ಹೊಸ ತಿಳಿಬಣ್ಣದ ಗುರುತು ಕಂಡರೆ ಅಲ್ಲಿಂದ ಚಕ್ಕೆ ಬಿದ್ದಿದೆ ಎಂದರ್ಥ, ಅದರ ಅಂಚೂ ಸಡಿಲವಿರಬಹುದು. ಬೆರಳಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಚಕ್ಕೆಯನ್ನು ಹಿಡಿಯಬೇಡಿ, ಅದರ ಹಿಂದೆ ಕ್ಯಾಮ್ (ಬಿರುಕಿನೊಳಗೆ ಅಗಲಿಸಿ ಹಗ್ಗ ಸಿಕ್ಕಿಸುವ ಸಾಧನ) ತೂರಿಸಲೂ ಬೇಡಿ. ಹತ್ತುವವರು ಬಿದ್ದಾಗ ಕ್ಯಾಮ್ ಚಕ್ಕೆಯನ್ನು ಹೊರಕ್ಕೆ ಒದೆಯುತ್ತದೆ. ಹೆಲ್ಮೆಟ್ ಹತ್ತುವವರಿಗಷ್ಟೇ ಅಲ್ಲ, ಕೆಳಗೆ ನಿಂತವರಿಗೂ ಬೇಕು.

ಅಂಟಿನಿಂದ ಕೂರಿಸಿದ ಬೋಲ್ಟುಗಳಲ್ಲಿ ಉಕ್ಕಿಗಿಂತ ಅಂಟಿನದೇ ಚಿಂತೆ. ಸುತ್ತಲಿನ ಕಲ್ಲು ಶಾಖ ತಡೆದರೂ ಉಕ್ಕಿನ ಸರಳು ಅದನ್ನು ರಂಧ್ರದೊಳಕ್ಕೆ ಒಯ್ಯುತ್ತದೆ, ಎಷ್ಟೋ ಎಪಾಕ್ಸಿ ಅಂಟುಗಳು 100 ಡಿಗ್ರಿ ಮುಟ್ಟುವ ಮೊದಲೇ ಮೆದುವಾಗುತ್ತವೆ. ಅಂಟು ಕಪ್ಪಾಗಿದ್ದರೆ, ಪುಡಿಯಾಗುತ್ತಿದ್ದರೆ, ಬೋಲ್ಟ್ ಕೈಯಲ್ಲಿ ತಿರುಗಿದರೆ, ಸುತ್ತ ಚಕ್ಕೆ ಎದ್ದಿದ್ದರೆ ಅದಕ್ಕೆ ತೂಕ ಹಾಕಬಾರದು. ಹೊರಗಿನಿಂದ ನೆಟ್ಟಗೆ ಕಾಣುವ ಬೋಲ್ಟನ್ನೂ ಬೆಂಕಿ ತಾಗಿದ ಜಾಗದಲ್ಲಿ ಎಳೆತದ ಉಪಕರಣದಿಂದ ಪರೀಕ್ಷಿಸಿದ ಮೇಲೆಯೇ ನಂಬಬೇಕು. ಹತ್ತುವವರು ಬಳಸುವ ಡೈನೀಮಾ ಎಂಬ ಗಟ್ಟಿ ನಾರಿನ ಪಟ್ಟಿ ಸುಮಾರು 145 ಡಿಗ್ರಿಗೇ ಕರಗುತ್ತದೆ. ನೈಲಾನ್ 200 ಡಿಗ್ರಿ ದಾಟಿದ ಮೇಲೆ ಕರಗಿದರೂ ಅದಕ್ಕೆ ಮೊದಲೇ ಬಲ ಕಳೆದುಕೊಂಡಿರುತ್ತದೆ. ಮೇಲೆ ಬಿಟ್ಟಿದ್ದ ಹಳೆಯ ಪಟ್ಟಿ, ಹಗ್ಗಗಳನ್ನೆಲ್ಲ ಕತ್ತರಿಸಿ ಕೆಳಗೆ ತನ್ನಿ. ಬೆಂಕಿ ಕಂಡ ಅಲ್ಯೂಮಿನಿಯಂ ಕ್ಯಾರಬೀನರ್ (ಹಗ್ಗ ಸಿಕ್ಕಿಸುವ ಕೊಂಡಿ) ಕರಗದೆ ಉಳಿದಿದ್ದರೂ ಹದ ಕೆಟ್ಟಿರಬಹುದು, ಅದನ್ನೂ ತೆಗೆಯಿರಿ.

ಮರಕ್ಕೆ ಹಗ್ಗ ಸುತ್ತಿ ಇಳಿಯುವ ರೂಢಿಯನ್ನಂತೂ ಪೂರ್ತಿ ಬಿಡಬೇಕು. ಬೇರು ಮಣ್ಣಿನೊಳಗೇ ಉರಿದು ಟೊಳ್ಳಾದ ಮರವೂ ಮೇಲೆ ಚಿಗುರುತ್ತದೆ, ಗಾಳಿಯಿಲ್ಲದ ದಿನವೂ ಉರುಳುತ್ತದೆ.

ಪ್ರಶ್ನೆ: ಬೂಟು ತೊಳೆದುಕೊಂಡು ಹೋಗಿ ಎನ್ನುತ್ತಾರೆ. ಅದರಿಂದೇನು ಪ್ರಯೋಜನ?

ಫೈಟಾಫ್ತೊರಾ ಸಿನಮೋಮಿ ಎಂಬ ಸೂಕ್ಷ್ಮಜೀವಿ ಒದ್ದೆ ಮಣ್ಣಿನ ಜೊತೆ ಬೂಟಿಗೆ ಅಂಟಿ ಊರೂರು ದಾಟುತ್ತದೆ. ಅದು ಬೇರು ಕೊಳೆಸುವ ರೋಗ ತರುತ್ತದೆ. ಹುಲ್ಲಿನಂಥ ಎಲೆಯ ಗ್ರಾಸ್ ಟ್ರೀ, ಬ್ಯಾಂಕ್ಸಿಯಾಗಳು ಅದಕ್ಕೆ ಬೇಗ ಬಲಿಯಾಗುತ್ತವೆ, ಒಮ್ಮೆ ನೆಲಕ್ಕೆ ಸೇರಿದರೆ ತೆಗೆಯುವ ಉಪಾಯವಿಲ್ಲ. ಮೊದಲು ಗಟ್ಟಿ ಬ್ರಷ್‌ನಿಂದ ಅಡಿಭಾಗದ ಮಣ್ಣನ್ನು ಪೂರ್ತಿ ಉಜ್ಜಿ ತೆಗೆಯಿರಿ. ಆಮೇಲೆ ಏಳು ಪಾಲು ಮೆಥಿಲೇಟೆಡ್ ಸ್ಪಿರಿಟ್, ಮೂರು ಪಾಲು ನೀರು ಬೆರೆಸಿ ಚೆನ್ನಾಗಿ ನೆನೆಯುವಂತೆ ಸಿಂಪಡಿಸಿ, ಒಂದು ನಿಮಿಷ ಬಿಡಿ. ಹತ್ತಿರ ಬೆಂಕಿಯ ಕಿಡಿಯಿರಬಾರದು. ಹೆಚ್ಚಿನವರು ತಪ್ಪುವುದು ಮೊದಲ ಹಂತದಲ್ಲೇ: ಮಣ್ಣಿನ ಗಡ್ಡೆಯ ಮೇಲೆ ಸಿಂಪಡಿಸಿದ ದ್ರಾವಣ ಒಳಗಿನ ಜೀವಿಯನ್ನು ಮುಟ್ಟುವುದಿಲ್ಲ. ನೆಲಕ್ಕಿಡುವ ಹಗ್ಗದ ಚೀಲ, ಬಿದ್ದಾಗ ಪೆಟ್ಟಾಗದಂತೆ ಹಾಸುವ ಕ್ರ್ಯಾಶ್ ಪ್ಯಾಡ್‌ಗಳ ತಳವನ್ನೂ ಹೀಗೇ ಶುಚಿಮಾಡಿ. ಮಳೆ ಬಿದ್ದ ಮರುದಿನ ಹೋಗದಿರುವುದು ಇನ್ನೂ ಒಳ್ಳೆಯದು.

ಪ್ರಶ್ನೆ: ಎಲ್ಲವನ್ನೂ ಒಟ್ಟಿಗೆ ತೆರೆದರೆ ಜನ ಹಂಚಿಹೋಗಿ ಒತ್ತಡ ಕಡಿಮೆಯಾಗುವುದಿಲ್ಲವೆ?

ಹಳೆಯ ಕಾಡಿಗೆ ಆ ಲೆಕ್ಕ ಸರಿಹೋಗಬಹುದು. ಸುಟ್ಟ ನೆಲದಲ್ಲಿ ಸಸಿ ಸಾಯಲು ಕೆಲವೇ ತುಳಿತ ಸಾಕು, ಹಂಚಿದರೆ ಹಾನಿಯೂ ಎಲ್ಲೆಡೆ ಹರಡುತ್ತದೆ. ವಾಹನ ನಿಲ್ಲಿಸುವ ಜಾಗಕ್ಕೆ ಹತ್ತಿರವಿದ್ದು, ದಾರಿಗೆ ಕಲ್ಲಿನ ಮೆಟ್ಟಿಲು, ಬುಡದಲ್ಲಿ ಬರಿಯ ಹಾಸುಬಂಡೆ ಇರುವ ತಾಣಗಳನ್ನು ಮೊದಲು ತೆರೆಯಬೇಕು, ಜನರನ್ನು ಅಲ್ಲಿಗೇ ಒಗ್ಗೂಡಿಸಬೇಕು ಎಂಬುದು ನಮ್ಮ ಅಭಿಪ್ರಾಯ. ತೇವದ ಬುಡ, ಕಡಿದಾದ ಮಣ್ಣುದಾರಿ ಇರುವವು ಕೊನೆಗೆ. ಪೊದೆ ಸುಟ್ಟು ಮರೆ ಇಲ್ಲದಾದಾಗ ಸಣ್ಣ ಪ್ರಾಣಿಗಳು ನರಿ, ಕಾಡುಬೆಕ್ಕುಗಳಿಗೆ ಸುಲಭವಾಗಿ ಸಿಗುತ್ತವೆ. ಅಳಿವಿನಂಚಿನ ಪೊದೆಬಾಲದ ಬಂಡೆ ವಾಲಬಿಗೆ (ಕಾಂಗರೂ ಜಾತಿಯ ಸಣ್ಣ ಪ್ರಾಣಿ) ಬಂಡೆಯ ಸಂದುಗಳೇ ಆಸರೆ, ಅಂಥ ಕಡೆ ಜನ ಹೋಗಲೇಬಾರದು.

ಇನ್ನೊಂದು ಕಾರಣ ಸಸ್ಯಗಳಿಗೆ ಸಂಬಂಧಿಸಿದ್ದಲ್ಲ. ವಿಕ್ಟೋರಿಯಾದ ಮೂಲನಿವಾಸಿ ಬಂಡೆಚಿತ್ರಗಳಲ್ಲಿ ಬಹುಪಾಲು ಇರುವುದು ಗರಿವರ್ಡ್‌ನಲ್ಲೇ. ಪೊದೆ ಸುಟ್ಟಾಗ ಅಡಗಿದ್ದ ಕಲ್ಲಿನ ಉಪಕರಣಗಳು, ಕಲ್ಲು ಕಿತ್ತ ನೆಲೆಗಳು ಹೊರಬರುತ್ತವೆ. ಮೂಲನಿವಾಸಿ ಸಮುದಾಯಗಳೊಂದಿಗೆ ಅವನ್ನು ಗುರುತಿಸುವ ಕೆಲಸಕ್ಕೆ ಸಮಯ ಕೊಡಲೇಬೇಕು.

ಪ್ರಶ್ನೆ: ತೆರೆದ ತಾಣದಲ್ಲೂ ಹಳೆಯ ಕಾಲುದಾರಿ ಅಳಿಸಿಹೋಗಿದ್ದರೆ?

ಹಿಂದಿರುಗಿ. ಅಂದಾಜಿನ ಮೇಲೆ ನಡೆದರೆ ನಿಮ್ಮ ಹೆಜ್ಜೆಯನ್ನೇ ದಾರಿಯೆಂದು ಮುಂದಿನವರು ಹಿಡಿಯುತ್ತಾರೆ. ನೀವೇ ಕಲ್ಲು ಪೇರಿಸಿ ಗುರುತಿಡುವುದೂ ಬೇಡ. ದಾರಿ ತಪ್ಪುವ ಜಾಗದ ಫೋಟೊ ತೆಗೆದು ಉದ್ಯಾನ ನೋಡಿಕೊಳ್ಳುವ ಪಾರ್ಕ್ಸ್ ವಿಕ್ಟೋರಿಯಾಗೆ ಕಳುಹಿಸಿ. ಸಾಧ್ಯವಾದರೆ ಪ್ರತಿ ಋತುವಿನಲ್ಲೂ ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿಗೆ, ಅಳತೆಗೊಂದು ಕೋಲು ಒಳಗೊಂಡಂತೆ ಮತ್ತೊಂದು ಫೋಟೊ ತೆಗೆಯಿರಿ. ಯಾವ ತಾಣ ತುಳಿತ ತಾಳುತ್ತಿದೆ, ಯಾವುದು ಸೋಲುತ್ತಿದೆ ಎಂಬುದು ಅಂಥ ಚಿತ್ರಗಳ ಸಾಲಿನಿಂದ ತಿಳಿಯುತ್ತದೆ.